ಹನ್ನೊಂದು ಕೈಪಿಡಿಗಳ ಬಡ್ತಿ

ತಂತ್ರಾಂಶವೊಂದರ ಹೊಸ ಆವೃತ್ತಿ ಬಂದಾಗಲೆಲ್ಲ ನಮ್ಮ ಕಚೇರಿಯಲ್ಲಿ ನಗು ತಡೆದುಕೊಳ್ಳಲು ಬಹಳ ಶಿಸ್ತು ಬೇಕಾಗುತ್ತದೆ. ಆ ಶಿಸ್ತು ನನ್ನಲ್ಲಿದೆ. ನಾನು ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕೆಮ್ಮುವುದಕ್ಕೂ ಕೈ ಎತ್ತಿ ಅನುಮತಿ ಕೇಳಬೇಕಿತ್ತು.

ನನಗೀಗ ಅರವತ್ತೊಂಬತ್ತು ವರ್ಷ. ಮರಾಠಿ ನಾಡಿನ ಖರಾಡಿಯ ಒಂದು ಕಂಪನಿಯಲ್ಲಿ ಕಾರ್ಖಾನೆಯ ಯಂತ್ರಗಳಿಗೆ ಕೈಪಿಡಿ ಬರೆಯುವುದು ನನ್ನ ಕೆಲಸ. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಪ್ರೆಸ್ ಯಂತ್ರಗಳ ಮುಂದೆ ನಿಲ್ಲುವವರಲ್ಲಿ ಅನೇಕರು ಕಲಬುರಗಿ, ಯಾದಗಿರಿ ಕಡೆಯವರು. ಅವರಿಗಾಗಿ ನಾನು ಹನ್ನೊಂದು ಕನ್ನಡ ಕೈಪಿಡಿಗಳನ್ನು ಬರೆದಿದ್ದೇನೆ. ಬರೆಯುವುದು ಸರಳ ಪಠ್ಯದಲ್ಲಿ: ಶೀರ್ಷಿಕೆಯ ಮುಂದೆ ಒಂದು ಹ್ಯಾಶ್ ಗುರುತು, ದಪ್ಪಕ್ಷರ ಬೇಕಾದಲ್ಲಿ ಎರಡೂ ಬದಿಗೆ ನಕ್ಷತ್ರಗಳು. ಆ ಪಠ್ಯವನ್ನು ಓದಿ ಎಚ್‌ಟಿಎಂಎಲ್ ಆಗಿ, ಅಂದರೆ ಪರದೆಯ ಮೇಲೆ ಅಂದವಾಗಿ ಕಾಣುವ ಪುಟವಾಗಿ, ಮಾರ್ಪಡಿಸುವ ಸಿದ್ಧ ತಂತ್ರಾಂಶವೊಂದಿದೆ, ಅದನ್ನು ಲೈಬ್ರರಿ ಎನ್ನುತ್ತಾರೆ. ಅದರ ಹೊಸ ಆವೃತ್ತಿಗೆ ನಾವು ಬಡ್ತಿ ಪಡೆದಾಗ ನಡೆದದ್ದನ್ನು ಬರೆಯುತ್ತಿದ್ದೇನೆ. ಉತ್ಪ್ರೇಕ್ಷೆ ಇಲ್ಲ. ಅದು ನನಗೆ ಬರುವುದಿಲ್ಲ.

ಒಂದು ವಿವರಣೆ

ನಮ್ಮ ತಂಡದ ಮುಖ್ಯಸ್ಥರು ಬೆಂಗಳೂರಿನವರು, ಮೂವತ್ತರ ಆಸುಪಾಸಿನವರು. ಸೋಮವಾರ ಬೆಳಗ್ಗೆ ಎಲ್ಲರನ್ನೂ ಕೂಡಿಸಿಕೊಂಡು, ಹೊಸ ಆವೃತ್ತಿಯಲ್ಲಿ ಹಳೆಯ ಸೌಲಭ್ಯಗಳು ಕೆಲವು ಇರುವುದಿಲ್ಲ ಎಂದರು. ಹಾಗೆ ಹೊರಡಲಿರುವವುಗಳನ್ನು ಡೆಪ್ರಿಕೇಟೆಡ್ ಎನ್ನುತ್ತಾರಂತೆ.

"ಹಾಗೆಂದರೆ?" ಎಂದು ಕೇಳಿದೆ.

"ಅಂದ್ರೆ ಮೇಡಂ, ಇನ್ನೂ ಕೆಲಸ ಮಾಡ್ತಾ ಇರುತ್ತೆ. ಆದ್ರೆ ಹಳೇದಾಗಿರುತ್ತೆ. ಯಾರೂ ಹೊಸ ಕೆಲಸ ಕೊಡಲ್ಲ. ಯಾವಾಗ ಬೇಕಾದ್ರೂ ತೆಗೆದುಬಿಡಬಹುದು."

"ಅರ್ಥವಾಯಿತು. ನನ್ನ ಮುಖ ನೋಡಿಕೊಂಡು ವಿವರಿಸುವ ಅಗತ್ಯವಿಲ್ಲ."

ಅವರು ಕೂಡಲೇ ಕಿಟಕಿಯ ಕಡೆ ತಿರುಗಿದರು. ಕಿಟಕಿಗೇ ಹೇಳುವವರಂತೆ ಮುಂದಿನ ಮಾತನ್ನೂ ಮುಗಿಸಿದರು: ಗುರುವಾರ ಕಾರ್ಖಾನೆಯಲ್ಲಿ ಪರೀಕ್ಷೆ. ಒಂದೇ ಒಂದು ವಾರ್ನಿಂಗ್ ಕಂಡರೂ ಆ ಭಾಷೆಯ ಕೈಪಿಡಿಗಳನ್ನು ಕೈಬಿಟ್ಟು, ಇಂಗ್ಲಿಷಿನದನ್ನೇ ಭಾಷಾಂತರ ಯಂತ್ರಕ್ಕೆ ಕೊಟ್ಟು ತೋರಿಸಲಾಗುವುದು.

ಮಾದರಿಯಾಗಿ ಒಂದು ಸಾಲನ್ನು ಅಲ್ಲೇ ಭಾಷಾಂತರಿಸಿ ತೋರಿಸಿದರು. ಪ್ರೆಸ್ ಯಂತ್ರದೊಳಗೆ ಕೈ ಹಾಕಬಾರದೆಂಬುದನ್ನು ನೆನಪಿಡಿ ಎಂದು ಇಂಗ್ಲಿಷಿನಲ್ಲಿತ್ತು. ಪರದೆಯ ಮೇಲೆ ಕನ್ನಡದಲ್ಲಿ ಬಂದದ್ದು: "ಯಂತ್ರದೊಳಗೆ ಕೈ ಹಾಕಲು ಮರೆಯಬೇಡಿ."

"ನೈಂಟಿ ಪರ್ಸೆಂಟ್ ಕರೆಕ್ಟ್ ಇದೆ ಅಲ್ವಾ ಮೇಡಂ?" ಎಂದರು.

"ಇದೆ. ಹತ್ತು ಬೆರಳಲ್ಲಿ ಒಂಬತ್ತು ಉಳಿಯುತ್ತವೆ."

ಮೌನವಾಗಿದ್ದ ಎಚ್ಚರಿಕೆಗಳು

ಹೊಸ ಆವೃತ್ತಿಯನ್ನು ಅಳವಡಿಸುವ ಕೆಲಸ ವಿಜಯಪುರದ ಒಬ್ಬ ಪ್ರೋಗ್ರಾಮರ್ ಹೆಣ್ಣುಮಗಳದು. ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಮುಲಾಜಿಲ್ಲ. ಮಧ್ಯಾಹ್ನ ಅವಳ ಮೇಜಿನಿಂದ ಕೂಗು ಬಂತು.

"ಬಾಯಾರ, ಇಲ್ಲಿ ಬರ್ರಿ. ಭಾಳ ಚಂದ ಅದ ನೋಡ್ರಿ, ಸ್ಕ್ರೀನ್ ಪೂರಾ ಹಳದಿ ಆಗ್ಯದ!"

ಹಳದಿ ಸಾಲುಗಳೆಲ್ಲ ವಾರ್ನಿಂಗ್‌ಗಳು. ಇದು ಹೋಗಲಿದೆ, ಅದನ್ನು ಬಿಡಿ, ಇದರ ಬದಲು ಇನ್ನೊಂದನ್ನು ಬಳಸಿ ಎಂದು ಹಳೆಯ ಲೈಬ್ರರಿಯೇ ವರ್ಷಗಳಿಂದ ಹೇಳುತ್ತಿತ್ತಂತೆ. ನಮಗೇಕೆ ಕೇಳಿಸಲಿಲ್ಲ ಎಂದು ಹುಡುಕಿದರೆ, ಎಲ್ಲೋ ಒಳಗೆ, ವಾರ್ನಿಂಗ್‌ಗಳನ್ನು ತೋರಿಸಬೇಡ ಎಂಬ ಆಜ್ಞೆ ಒಂದೇ ಸಾಲಿನಲ್ಲಿ ಕುಳಿತಿತ್ತು.

ಮುಖ್ಯಸ್ಥರು ಕತ್ತು ತುರಿಸಿಕೊಂಡರು. "ತುಂಬಾ ಡಿಸ್ಟರ್ಬ್ ಆಗ್ತಿತ್ತು ಮೇಡಂ. ನಾನೇ ಆಫ್ ಮಾಡಿದ್ದೆ."

"ಯಾವಾಗ?"

"ಜಾಯಿನ್ ಆದ ದಿನ."

ಪ್ರೋಗ್ರಾಮರ್ ಸುಮ್ಮನಿರಲಿಲ್ಲ. "ಸರ್, ನಿಮ್ಮ ಮನ್ಯಾಗ ಕುಕ್ಕರ್ ಸೀಟಿ ಹೊಡದ್ರ ಗ್ಯಾಸ್ ಆರಸ್ತೀರೋ, ಸೀಟಿನೇ ಕಿತ್ತಿಡ್ತೀರೋ?"

ನಾನು ಆ ಪಟ್ಟಿಯನ್ನು ಮುದ್ರಿಸಿಕೊಂಡೆ. ಇದನ್ನೆಲ್ಲ ಈಗ ಯಾರು ಪ್ರಿಂಟ್ ತೆಗೆಯುತ್ತಾರೆ ಎಂದು ಮುಖ್ಯಸ್ಥರು ನಕ್ಕರು. ಹಾಳೆಗಳನ್ನು ಗೋಡೆಗೆ ಅಂಟಿಸಿ, ಸರಿಪಡಿಸಿದ ಒಂದೊಂದು ಸಾಲನ್ನೂ ಕೆಂಪು ಪೆನ್ಸಿಲಿನಿಂದ ಹೊಡೆದುಹಾಕುತ್ತ ಬಂದೆ. ಮಂಗಳವಾರ ಸಂಜೆಯ ಹೊತ್ತಿಗೆ ನನ್ನ ಹನ್ನೊಂದು ಕೈಪಿಡಿಗಳ ಸಾಲುಗಳಲ್ಲಿ ಹೆಚ್ಚಿನವು ಕೆಂಪಾಗಿದ್ದವು. ಉಳಿದ ಹಾಳೆಗಳೆಲ್ಲ ಇಂಗ್ಲಿಷ್ ಕೈಪಿಡಿಗಳವು. ಅವುಗಳನ್ನು ಬರೆದವರು ಮುಖ್ಯಸ್ಥರು.

"ಮೇಡಂ, ಗೋಡೆ ಗಲೀಜಾಗಿ ಕಾಣ್ತಿದೆ. ತೆಗೀಬಹುದಾ?" ಎಂದು ಅವರು ಮೆಲ್ಲಗೆ ಕೇಳಿದರು.

"ಖಂಡಿತ. ಸಾಲುಗಳನ್ನು ಸರಿಪಡಿಸಿ ತೆಗೆಯಿರಿ."

ಮೂರನೆಯದು ಏನು?

ಪ್ರತಿ ಕೈಪಿಡಿಗೂ ಒಂದು ಸಣ್ಣ ಸೆಟ್ಟಿಂಗ್ಸ್ ಕಡತವಿರುತ್ತದೆ. ಹಿಂದೆ ಅದರಲ್ಲಿ ಉತ್ತರಗಳನ್ನಷ್ಟೇ ಸಾಲಾಗಿ ಬರೆದರೆ ಸಾಕಿತ್ತು: ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಹೌದು, ಮೂರನೆಯದಕ್ಕೆ ಇಲ್ಲ. ಯಾವ ಸ್ಥಾನದಲ್ಲಿರುವುದು ಏನೆಂದು ಲೈಬ್ರರಿಗೆ ಗೊತ್ತಿರುತ್ತಿತ್ತು. ಹೊಸ ಆವೃತ್ತಿ ಅದನ್ನು ಒಪ್ಪುವುದಿಲ್ಲ. ಪ್ರತಿಯೊಂದರ ಹೆಸರನ್ನೂ ಬರೆಯಬೇಕು.

"ಬಾಳೆಲಿ ಮ್ಯಾಲೆ ಬಡಸಿದಂಗ ಇತ್ತು ನೋಡ್ರಿ ಬಾಯಾರ," ಎಂದಳು ಪ್ರೋಗ್ರಾಮರ್. "ಈ ಮೂಲ್ಯಾಗ ಇದ್ದದ್ದು ಉಪ್ಪು, ಅದರ ಬಾಜೂಕ ಚಟ್ನಿ. ಯಾರೂ ಕೇಳೂದು ಬ್ಯಾಡ. ಈಗ ಹಂಗಿಲ್ಲ, ಉಪ್ಪಿಗೆ ಉಪ್ಪು ಅಂತ ಚೀಟಿ ಹಚ್ಚಬೇಕು."

ನನ್ನ ಕಡತಗಳಲ್ಲಿ ಪ್ರತಿ ಉತ್ತರದ ಪಕ್ಕದಲ್ಲೂ ಅದು ಏನೆಂಬ ಕನ್ನಡ ಟಿಪ್ಪಣಿ ಮೊದಲ ದಿನದಿಂದಲೂ ಇತ್ತು. ಅರ್ಧ ಗಂಟೆಯಲ್ಲಿ ಹನ್ನೊಂದನ್ನೂ ಮುಗಿಸಿದೆ. ಮುಖ್ಯಸ್ಥರು ಮಾತ್ರ ಮೂರನೆಯ ಉತ್ತರದ ಮುಂದೆ ಕುಳಿತುಬಿಟ್ಟಿದ್ದರು.

"ಇದು ಯಾವುದಕ್ಕೆ ಇಲ್ಲ ಅಂತ ಹೇಳಿದ್ದೀನೋ ನೆನಪಾಗ್ತಿಲ್ಲ," ಎಂದರು. "ಒಂದ್ನಿಮಿಷ. ಇದನ್ನ ಬೆಂಗಳೂರಲ್ಲಿ ಒಬ್ಬ ಫ್ರೆಂಡ್ ಹತ್ರ ಇಸ್ಕೊಂಡಿದ್ದೆ. ಅವನು ಸಕತ್ ಎಕ್ಸ್‌ಪರ್ಟ್." ಫೋನ್ ಹಚ್ಚಿ, ಎಲ್ಲರಿಗೂ ಕೇಳಿಸಲೆಂದು ಸ್ಪೀಕರಿಗೆ ಹಾಕಿದರು.

ಆ ಕಡೆಯಿಂದ ಉತ್ತರ ಸ್ಪಷ್ಟವಾಗಿಯೇ ಬಂತು: "ಗುರೂ, ಅದನ್ನ ನಾನೇ ನಿನ್ನ ಹತ್ರ ಕಾಪಿ ಮಾಡಿದ್ದಲ್ವೇನೋ?"

ಪೂರ್ಣ ಹೆಸರು

ಕೋಷ್ಟಕ, ಅಡಿಟಿಪ್ಪಣಿ ಮುಂತಾದವುಗಳಿಗೆ ಲೈಬ್ರರಿಯೊಂದಿಗೆ ಎಕ್ಸ್‌ಟೆನ್ಷನ್‌ಗಳೆಂಬ ಸೇರ್ಪಡೆಗಳಿರುತ್ತವೆ. ಮುಂಚೆ ಅವುಗಳನ್ನು ಗಿಡ್ಡ ಹೆಸರಿನಿಂದ ಕರೆಯಬಹುದಿತ್ತು. ಈಗ ಮನೆತನ, ಬೀದಿ, ಬಾಗಿಲು ಎಲ್ಲ ಸೇರಿಸಿ, ನಡುವೆ ಚುಕ್ಕೆ ಇಟ್ಟು, ಪೂರ್ಣ ಹೆಸರನ್ನೇ ಬರೆಯಬೇಕು. ಇಲ್ಲವಾದರೆ ಅಂಥವರು ಯಾರೂ ಇಲ್ಲ ಎಂಬ ಉತ್ತರ ಬರುತ್ತದೆ. ಇದು ದರ್ಪವಾಯಿತು ಎಂದು ಮುಖ್ಯಸ್ಥರು ದೂರಿದರು. ನನಗೆ ಹಾಗನ್ನಿಸಲಿಲ್ಲ. ನಮ್ಮ ಸಿಸ್ಟರ್ ಒಬ್ಬರು ಹೀಗೆಯೇ ಇದ್ದರು.

ಹಾಜರಿ ಕೂಗುವಾಗ ಒಬ್ಬ ಹುಡುಗಿ ಎದ್ದು ನಿಂತು, ತನ್ನ ಹೆಸರು ಬೇಬಿ ಎಂದಳು. ಬೇಬಿ ಎಂಬುವವಳು ರಿಜಿಸ್ಟರಿನಲ್ಲಿ ಇಲ್ಲ ಎಂದರು ಸಿಸ್ಟರ್. ಮನೆಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಾರೆ ಎಂದು ಹುಡುಗಿ ಅತ್ತಳು. ಸಿಸ್ಟರ್ ಕರಗಲಿಲ್ಲ. "ಹಾಗಾದರೆ ಮನೆಗೆ ಹೋಗಿ, ರಿಜಿಸ್ಟರಿನಲ್ಲಿರುವ ಹುಡುಗಿಯನ್ನು ಕರೆದುಕೊಂಡು ಬಾ."

ಹುಡುಗಿ ಹೋದಳು. ಅರ್ಧ ಗಂಟೆಯ ನಂತರ ತನ್ನ ಅಕ್ಕನನ್ನು ಕರೆದುಕೊಂಡು ಬಂದಳು.

ಗುರುವಾರ

ಬುಧವಾರ ಸಂಜೆ ಗೋಡೆಯ ಮೇಲಿನ ನನ್ನ ಹಾಳೆಗಳಲ್ಲಿ ಒಂದೇ ಸಾಲು ಉಳಿದಿತ್ತು. ಹಳೆಯ ಆವೃತ್ತಿಯಲ್ಲಿ ಸೇಫ್ ಮೋಡ್ ಎಂಬ ಪಹರೆ ಇತ್ತು. ಪಠ್ಯದ ನಡುವೆ ಯಾರಾದರೂ ನೇರವಾಗಿ ಎಚ್‌ಟಿಎಂಎಲ್ ಸಂಕೇತಗಳನ್ನು ತೂರಿಸಿದರೆ, ಅದು ಆ ಭಾಗವನ್ನೇ ಸದ್ದಿಲ್ಲದೆ ತೆಗೆದುಹಾಕುತ್ತಿತ್ತು. ಹೊಸ ಆವೃತ್ತಿಯವರು ಅದು ನಮ್ಮ ಕೆಲಸವಲ್ಲ, ಶುದ್ಧಗೊಳಿಸಲು ಬೇರೆ ಉಪಕರಣ ಇಟ್ಟುಕೊಳ್ಳಿ ಎಂದು ಕೈತೊಳೆದುಕೊಂಡಿದ್ದರು.

"ಆ ಉಪಕರಣ ಇವತ್ತೇ ಹಾಕೂಣೇನ್ರಿ ಬಾಯಾರ?" ಎಂದು ಪ್ರೋಗ್ರಾಮರ್ ಕೇಳಿದಳು.

"ಸೇಫ್ ಮೋಡಿನ ಸಾಲನ್ನು ಅಳಿಸಿದರೆ ವಾರ್ನಿಂಗ್ ಹೋಗುತ್ತದೆ, ಈಗ ಅಷ್ಟು ಸಾಕು. ಉಪಕರಣವನ್ನು ನಿಧಾನವಾಗಿ ಹಾಕಿದರಾಯಿತು. ನನ್ನ ಪುಟಗಳಲ್ಲಿ ಅಂಥ ಒಂದು ಸಂಕೇತವೂ ಇಲ್ಲ. ಪ್ರತಿ ಸಾಲೂ ನನಗೆ ಗೊತ್ತು."

ಇದು ನಿಜವಾಗಿತ್ತು. ಆದರೆ ಪ್ರತಿ ಪುಟದ ಕೆಳಗೆ ಕಾರ್ಖಾನೆಯವರೇ ಬರೆದುಕೊಳ್ಳುವ ಸ್ಥಳೀಯ ಸೂಚನೆಗಳೂ ಇದ್ದವು. ಅವು ಅಲ್ಲಿನ ಯಂತ್ರದಲ್ಲೇ ಪುಟಕ್ಕೆ ಸೇರುತ್ತಿದ್ದವು. ಅವುಗಳನ್ನು ನಾನು ನೋಡಿರಲಿಲ್ಲ. ತಪ್ಪು ನನ್ನದು, ಇದನ್ನು ಇಲ್ಲಿಯೇ ಬರೆದುಬಿಡುತ್ತೇನೆ.

ಗುರುವಾರ ರಾಂಜಣಗಾಂವದ ಕಾರ್ಖಾನೆಯ ಸಭಾಕೋಣೆಯಲ್ಲಿ ದೊಡ್ಡ ಪರದೆ ಹಾಕಿದ್ದರು. ಕಾರ್ಖಾನೆಯ ಮ್ಯಾನೇಜರ್ ಮರಾಠಿಯವರು, ಮಿತಭಾಷಿ. ಪಕ್ಕದಲ್ಲಿ ಕಲಬುರಗಿಯ ಸೂಪರ್‌ವೈಸರ್ ಮತ್ತು ಮೂವರು ಆಪರೇಟರುಗಳು. ಲೈಬ್ರರಿ ಎಲ್ಲ ಕೈಪಿಡಿಗಳನ್ನೂ ಓದಿ ಮುಗಿಸಿತು. ಕನ್ನಡ: ವಾರ್ನಿಂಗ್ ಸೊನ್ನೆ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತೆ.

"ಪ್ರೆಸ್ ಯಂತ್ರದ ಪುಟ ತೋರಿಸಿ," ಎಂದರು ಮ್ಯಾನೇಜರ್ ಮರಾಠಿಯಲ್ಲಿ.

ಪುಟ ತೆರೆಯಿತು. ನನ್ನ ಶೀರ್ಷಿಕೆ, ನನ್ನ ದಪ್ಪಕ್ಷರ, ನನ್ನ ಆರು ಹಂತಗಳು, ಎಲ್ಲವೂ ಸಾಲಾಗಿ ನಿಂತಿದ್ದವು. ಅವುಗಳ ಕೆಳಗೆ, ಬಲದಿಂದ ಎಡಕ್ಕೆ, ಕೆಂಪು ಅಕ್ಷರಗಳು ಓಡಲಾರಂಭಿಸಿದವು. ಅವುಗಳ ಕೆಳಗೆ ಹಸಿರು. ಅದರ ಕೆಳಗೆ ಇನ್ನೂ ದಪ್ಪನಾಗಿ ನೀಲಿ. ಭಾಷೆ ಮರಾಠಿ. ನಮ್ಮ ನೆಚ್ಚಿನ ಸಾಹೇಬರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ಶುಭ ಕೋರುವವರು, ಪ್ರೆಸ್ ವಿಭಾಗದ ಸಮಸ್ತ ಸಿಬ್ಬಂದಿ. ಒಟ್ಟು ಆರು ಸಾಲು.

ಈ ಊರಿನಲ್ಲಿ ಯಾರದೇ ಹುಟ್ಟುಹಬ್ಬವಾದರೂ ಚೌಕದಲ್ಲಿ ಫ್ಲೆಕ್ಸ್ ಏಳಬೇಕು. ಕಾರ್ಖಾನೆಯ ಗೇಟಿನೊಳಗೆ ಫ್ಲೆಕ್ಸಿಗೆ ಅನುಮತಿ ಇಲ್ಲ. ಆದ್ದರಿಂದ ಸೂಪರ್‌ವೈಸರ್ ಪ್ರತಿವರ್ಷ ಅದನ್ನು ನನ್ನ ಕೈಪಿಡಿಯಲ್ಲಿ ಕಟ್ಟುತ್ತಿದ್ದರು. ಪಹರೆ ಪ್ರತಿವರ್ಷ ಅದನ್ನು ಪರದೆಗೆ ಬಾರದಂತೆ ತಡೆಯುತ್ತಿತ್ತು, ಬರೆದದ್ದು ಮಾತ್ರ ಕಡತದಲ್ಲಿ ಉಳಿಯುತ್ತಿತ್ತು. ತಮ್ಮ ಸಂಕೇತವೇ ತಪ್ಪಿರಬೇಕೆಂದು ಅವರು ಮರುವರ್ಷ ಇನ್ನೂ ದೊಡ್ಡದನ್ನು ಕಟ್ಟುತ್ತಿದ್ದರು. ಪಹರೆ ಹೋದ ದಿನ ಆರು ವರ್ಷಗಳ ಶುಭಾಶಯಗಳು ಒಟ್ಟಿಗೆ ಹೊರಟಿದ್ದವು. ಮೊದಲ ಎರಡು, ವರ್ಗವಾಗಿ ಹೋದ ಹಿಂದಿನ ಮ್ಯಾನೇಜರಿಗೆ. ಉಳಿದ ನಾಲ್ಕು, ಎದುರಿಗೆ ಕುಳಿತವರಿಗೆ. ಕೊನೆಯದರಲ್ಲಿ ಅವರನ್ನು 'ಭಾವಿ ಡೈರೆಕ್ಟರ್' ಎಂದು ಕರೆಯಲಾಗಿತ್ತು.

ಸೂಪರ್‌ವೈಸರ್ ಎದ್ದು ನಿಂತರು. "ಓಡ್ತು! ಬಾಯಾರ, ಓಡ್ತು ನೋಡ್ರಿ!"

ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆಂದು ತಿಳಿದ ಮೇಲೆ ಕುಳಿತರು.

ಮ್ಯಾನೇಜರ್ ಕನ್ನಡ ಓದಲಾರರು. ಇಡೀ ಪುಟದಲ್ಲಿ ಅವರಿಗೆ ಅರ್ಥವಾಗುವ ಸಾಲುಗಳು ಅವು ಮಾತ್ರ. ಆರನ್ನೂ ಶ್ರದ್ಧೆಯಿಂದ ಓದಿದರು. ಎಲ್ಲಕ್ಕಿಂತ ಕೆಳಗೆ ಕನ್ನಡದಲ್ಲಿ ಇನ್ನೊಂದು ಓಡುತ್ತಿತ್ತು. "ಇದೇನು ಹೇಳುತ್ತದೆ?" ಎಂದು ನನ್ನನ್ನು ಕೇಳಿದರು.

ನಾನು ಭಾಷಾಂತರವನ್ನು ಸಡಿಲಗೊಳಿಸುವವಳಲ್ಲ. "'ಟೆಸ್ಟಿಂಗ್, ಟೆಸ್ಟಿಂಗ್, ಈ ಸಲನಾದ್ರೂ ಓಡಪ್ಪಾ' ಎನ್ನುತ್ತದೆ."

ನಮ್ಮ ಮುಖ್ಯಸ್ಥರು ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದರು. ನಾನು ಎದ್ದು ನಿಂತು, ಪಹರೆಯ ವಿಷಯ ವಿವರಿಸಿ, ಉದಾಸೀನ ನನ್ನದೇ ಎಂದೆ. ಕೈಪಿಡಿಗಳು ಹೋದವು ಎಂದುಕೊಂಡೆ.

ಮ್ಯಾನೇಜರ್ ಆಪರೇಟರುಗಳ ಕಡೆ ತಿರುಗಿದರು. "ಈ ಪುಟವನ್ನು ನೀವು ಯಾರಾದರೂ ಓದುತ್ತೀರಾ?"

ಯಾದಗಿರಿಯವನೊಬ್ಬ ತನ್ನ ಮುರುಕು ಮರಾಠಿಯಲ್ಲಿ, "ದಿನಾ ಓದುತ್ತೇವೆ ಸಾಹೇಬ್" ಎಂದ. ಆಮೇಲೆ ನನ್ನ ಕಡೆ ನೋಡಿ ಕನ್ನಡಕ್ಕೆ ಬಂದ. "ಏನ್ ಮಾಡೂದ್ರಿ, ತಮ್ಮ ನೋಟ್ ಬಂದದೋ ಇಲ್ಲೋ ನೋಡ್ರಿ ಅಂತ ಸೂಪರ್‌ವೈಸರ್ ದಿನಾ ಮುಂಜಾನಿ ಮ್ಯಾಲಿಂದ ಕೆಳಗಿನ ತನಕ ಓದಸ್ತಾರ್ರಿ. ಆರು ವರ್ಷ ಆತು. ಎಲ್ಲಾ ಬಾಯಿಪಾಠ ಆಗ್ಯದ."

"ಹೇಳು ನೋಡೋಣ," ಎಂದರು ಮ್ಯಾನೇಜರ್, ನಾನು ಅದನ್ನು ಮರಾಠಿಗೆ ತಂದ ಮೇಲೆ.

ಅವನು ಎದ್ದು ನಿಂತು, ಎದುರಿಗೆ ಯಂತ್ರವಿದೆಯೆಂಬಂತೆ ಕೈ ಆಡಿಸುತ್ತ, ಆರು ಹಂತಗಳನ್ನೂ ಒಪ್ಪಿಸಿದ. ಯಂತ್ರವನ್ನು ನಿಲ್ಲಿಸಿ. ಕೆಂಪು ದೀಪ ಆರುವವರೆಗೆ ಕಾಯಿರಿ. ಎರಡೂ ಕೈಗಳನ್ನು ಹಳದಿ ಗೆರೆಯಿಂದ ಹೊರಗಿರಿಸಿ. ಉಳಿದ ಇಬ್ಬರ ಕೈಗಳೂ ತಮಗೆ ತಾವೇ ಗೆರೆಯಿಂದ ಹಿಂದಕ್ಕೆ ಸರಿದವು. ನಾನು ಬರೆದ ಒಂದು ಪದವೂ ಜಾರಲಿಲ್ಲ. ನಾನು ಅಲ್ಪವಿರಾಮ ಇಟ್ಟಲ್ಲಿ ಅವನು ಉಸಿರು ತೆಗೆದುಕೊಂಡ. ಇಷ್ಟು ವರ್ಷಗಳ ಸೇವೆಯಲ್ಲಿ ನನಗೆ ಅದಕ್ಕಿಂತ ದೊಡ್ಡ ಸನ್ಮಾನ ಆಗಿಲ್ಲ, ಆಗಬೇಕಾಗಿಯೂ ಇಲ್ಲ.

ಮ್ಯಾನೇಜರ್ ಆ ಕೈಗಳನ್ನೇ ನೋಡುತ್ತಿದ್ದರು. ಬಳಿಕ ಒಪ್ಪಿಗೆಯ ಕಾಗದವನ್ನು ಎಳೆದುಕೊಂಡು, ಕನ್ನಡ ಕೈಪಿಡಿಗಳು ಇರುವಂತೆಯೇ ಇರಲಿ, ಭಾಷಾಂತರ ಯಂತ್ರ ಬೇಡ ಎಂದು ಬರೆದು ಸಹಿ ಹಾಕಿದರು.

"ಹೊಸ ಪಹರೆಯನ್ನು ನಾಳೆಯೇ ಹಾಕಿಸುತ್ತೇನೆ," ಎಂದು ನಾನು ಮಾತು ಕೊಟ್ಟೆ.

ಬಾಗಿಲವರೆಗೆ ಹೋಗಿದ್ದ ಮ್ಯಾನೇಜರ್ ನಿಂತರು. ಪರದೆಯ ಕಡೆ ಇನ್ನೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು:

"ಸೋಮವಾರ ಹಾಕಿಸಿ ಮ್ಯಾಡಮ್. ಶನಿವಾರ ನನ್ನ ಹುಟ್ಟುಹಬ್ಬ."