ಫೋರ್ಕಿನ ಪರಮಭಕ್ತರಾದ ಮೂರು ಪುಟಗಳಿಗೆ

ಮಾನ್ಯ ಮನೆ-ಅಭ್ಯಾಸದ ಹಾಳೆಯವರೇ,

ಐದು ವರ್ಷದ ಯೆಸೆನಿಯಾಳ ಕೈಯಿಂದ ಅವಳ ಅಜ್ಜಿಯ ಹಿಟ್ಟನ್ನು ಕಿತ್ತುಕೊಂಡವರು ತಾವು. ತಮ್ಮ ಮೂರು ಪುಟಗಳಿಗೂ ಅವುಗಳನ್ನು ಒಗ್ಗಟ್ಟಿನಲ್ಲಿಟ್ಟಿರುವ ಸ್ಟೇಪಲ್ ಪಿನ್ನಿಗೂ ನಮಸ್ಕಾರಗಳು. ಇದನ್ನೇ ನಾನು ಇಂಗ್ಲಿಷಿನಲ್ಲಿ, ಅವಳ ತಾಯಿ ಸ್ಪ್ಯಾನಿಷಿನಲ್ಲಿ ಅರಿಕೆ ಮಾಡಿದ್ದಾಯಿತು. ಕನ್ನಡವಾದರೂ ತಮಗೆ ತಿಳಿದೀತೆಂದು ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮಕ್ಕಳಿಗೆ ಉಣ್ಣಲು, ಗುಂಡಿ ಹಾಕಲು, ಪೆನ್ಸಿಲ್ ಹಿಡಿಯಲು ಕಲಿಸುವ ಆಶ್‌ಬರ್ನಿನ ಥೆರಪಿ ಕೇಂದ್ರವೊಂದರಲ್ಲಿ ನಾನು ಶನಿವಾರದ ಸ್ವಯಂಸೇವಕಿ. ಯೆಸೆನಿಯಾಳ ಬೆರಳುಗಳಲ್ಲಿ ಬಲ ಕಡಿಮೆ. ಆದರೂ ಎಲ್ ಸಾಲ್ವಡಾರಿನಿಂದ ಬಂದ ಅಜ್ಜಿ ಡೊಲೊರೆಸ್ ಪಕ್ಕದಲ್ಲಿ ಸ್ಟೂಲ್ ಹತ್ತಿ ನಿಂತು ಮೆಕ್ಕೆಜೋಳದ ಹಿಟ್ಟು ತಟ್ಟುತ್ತಿದ್ದಳು, ಬೆಂದ ರೊಟ್ಟಿಯನ್ನು ಮುರಿದು ಕಾಳಿನ ಸಾರಿನಲ್ಲಿ ಅದ್ದಿ ತಾನೇ ತಿನ್ನುತ್ತಿದ್ದಳು. ಕೇಂದ್ರದಿಂದ ಅವರ ಮನೆಗೆ ಹೋದ ತಾವು ಕೇಳಿದ್ದು, ಮಗು ಫೋರ್ಕ್ ಬಳಸುತ್ತದೆಯೇ ಎಂದು. ತಾಯಿ 'ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿದರು. ಅಚ್ಚಾದದ್ದು ತಪ್ಪಿರಲಾರದೆಂದು ನಂಬಿ, ಹಿಟ್ಟು ನಿಲ್ಲಿಸಿ, ಪ್ಲಾಸ್ಟಿಕ್ ಫೋರ್ಕ್ ಕೊಟ್ಟರು. ಈಗ ಮಗು ಯಾರಾದರೂ ಉಣಿಸಿದರೆ ಮಾತ್ರ ಬಾಯಿ ತೆರೆಯುತ್ತದೆ. ತಾನೇ ಉಣ್ಣುತ್ತಿದ್ದ ಮಗುವನ್ನು ಆರೇ ವಾರದಲ್ಲಿ ಈ ಸ್ಥಿತಿಗೆ ತಂದ ತಮ್ಮ ಸಾಮರ್ಥ್ಯ ಅಸಾಮಾನ್ಯ.

ತಾವು ಅನುವಾದಗೊಂಡು ಸ್ಪ್ಯಾನಿಷ್ ಕಲಿತದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮಾತು ಬದಲಾಯಿತು, ಊಟದ ಮೇಜು ಮಾತ್ರ ಬದಲಾಗಲಿಲ್ಲ. ಪಕ್ಕದ ಮನೆಯ ಧಾರವಾಡದ ರೇಣುಕಾದೇವಿ ಆಂಟಿಗೆ ತಮ್ಮನ್ನು ಓದಿ ಹೇಳಿದಾಗ ಅವರು ಹಂಚಿನ ಮೇಲಿನ ರೊಟ್ಟಿ ತಿರುವುತ್ತಾ, "ಹಂಗಾದ್ರ ನಾನೂ ಫೇಲ್ ಏನವಾ? ಅರವತ್ತು ವರ್ಷಾತು ಕೈಲೇ ಉಣ್ಣಾಕ ಹತ್ತಿ" ಎಂದು ವಿಚಾರಿಸಿದರು. ಆ ವಿಷಯದಲ್ಲಿ ತಮ್ಮ ತೀರ್ಪು ಕೋರುತ್ತೇನೆ.

ಕರಪತ್ರಗಳನ್ನು ಓದಿ ಬೆಳೆದವಳು ನಾನು. ಕರಪತ್ರವೊಂದರ ಮೇಲೆಯೇ ದಂಗೆ ಎದ್ದದ್ದು ಇದೇ ಮೊದಲು. ಬೇಡಿಕೆಗಳು ಹೆಚ್ಚಿಲ್ಲ. ತಾವು ಒಮ್ಮೆ ಫೋರ್ಕಿನಲ್ಲಿ ತಿಳಿಸಾರು ಉಂಡು ತೋರಿಸಬೇಕು. ಅನಂತರ, ಮನೆಯಲ್ಲಿ ಮಗು ಯಾರ ಪಕ್ಕ ನಿಂತು ಏನು ಮಾಡುತ್ತದೆ ಎಂಬ ಒಂದು ಪ್ರಶ್ನೆಗೆ ಜಾಗ ಕೊಡಬೇಕು. ಉತ್ತರಕ್ಕೆ ಚೌಕ ಬೇಡ, ನಾಲ್ಕು ಗೆರೆ ಸಾಕು.

ಮಗುವಿನ ಮರುಪರೀಕ್ಷೆಯ ದಿನ ಅಜ್ಜಿಯೂ ಬರುವುದಕ್ಕೆ ತಮ್ಮನ್ನು ಹೊತ್ತು ತಿರುಗುವ ಥೆರಪಿಸ್ಟ್ ಒಪ್ಪಿದ್ದಾರೆ. ಅಜ್ಜಿ ಹಿಟ್ಟು ಕಲಸಿಕೊಂಡೇ ಬರುತ್ತಾರೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಅಕ್ಷಯಾ, ಆಶ್‌ಬರ್ನ್

ಮರೆತ ಮಾತು: ತಾವೂ ದಯಮಾಡಿಸಬೇಕು. ಹಿಟ್ಟು ಚೆಲ್ಲೀತೆಂದು ಮೇಜಿನ ಮೇಲೆ ಹಾಸಲು ಮೂರು ಹಾಳೆ ಬೇಕಾಗುತ್ತವೆ. ಅಕ್ಟೋಬರ್ ಹದಿನೆಂಟು, ಶನಿವಾರ, ಬೆಳಿಗ್ಗೆ ಹತ್ತೂವರೆಗೆ.