ಕಾದಂಬರಿಕಾರ ಅಡುಗೆಮನೆಯಲ್ಲಿ ಕೂರಲಿಲ್ಲ

ಇನ್ನೊಬ್ಬರ ತಪ್ಪು ಹುಡುಕುವುದರಲ್ಲಿ ಸಿಗುವ ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಅದರಲ್ಲೂ ತಪ್ಪು ಮಾಡಿದವರು ಆಫ್ರಿಕಾದಲ್ಲಿದ್ದರಂತೂ ಕೇಳುವುದೇ ಬೇಡ. ನಮ್ಮ ಚಿತ್ತಾಪುರದ ತನಕ ಬಂದು ಜಗಳ ತೆಗೆಯುವ ಹೆದರಿಕೆಯಿಲ್ಲ. ಹಾಗಾಗಿ ಸೇಡಂನ ಕಾಲೇಜೊಂದರವರು ‘ಆಫ್ರಿಕಾದ ಗಂಡಸರ ಕಾದಂಬರಿಗಳಲ್ಲಿ ಹೆಂಗಸರು’ ಎಂಬ ವಿಷಯದ ಮೇಲೆ ಮಾತಾಡಲು ಕರೆದಾಗ ಕುಣಿದಾಡುವಷ್ಟು ಖುಷಿಯಾಯಿತು. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದರೂ ಹೊರಗಿನವರು ನನ್ನನ್ನು ವೇದಿಕೆಗೆ ಕರೆದದ್ದು ಇದೇ ಮೊದಲು. ಹೆಸರು ಕೆಡಿಸಿಕೊಳ್ಳುವಂತಿರಲಿಲ್ಲ.

ಕೈಗೆ ಸಿಕ್ಕ ಕಾದಂಬರಿಗಳನ್ನೆಲ್ಲ ಓದಿ ಕೆಂಪು ಗೆರೆ ಎಳೆದೆ. ಗಂಡಸಿಗೆ ಭೂಮಿ, ಸಿಟ್ಟು, ಹಿರಿಯರ ಮರ್ಯಾದೆ, ಬಿಳಿಯರ ಜೊತೆ ಜಗಳ. ಹೆಂಗಸಿಗೆ ಒಲೆ. ಊರು ಬಿಟ್ಟು ಪೇಟೆ ಸೇರಿದವಳು ಕೆಟ್ಟಳೆಂದೇ ಲೆಕ್ಕ. ಬಹಳ ಗೌರವ ಉಕ್ಕಿದರೆ ಅವಳನ್ನು ತಾಯ್ನಾಡಿನ ಪ್ರತೀಕ ಮಾಡುತ್ತಾರೆ. ಪ್ರತೀಕವಾದ ಮೇಲೂ ಅವಳಿಗೆ ಅಡುಗೆ ತಪ್ಪುವುದಿಲ್ಲ. ಎಲ್ಲರೂ ಹೀಗೆ ಬರೆದಿಲ್ಲ, ಒಪ್ಪುತ್ತೇನೆ. ಆದರೆ ಒಳ್ಳೆಯವರನ್ನು ಇಟ್ಟುಕೊಂಡು ಭಾಷಣ ಮಾಡಿದರೆ ಯಾರು ಚಪ್ಪಾಳೆ ತಟ್ಟುತ್ತಾರೆ? ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಹೆಂಡತಿ ಸುವರ್ಣಾ ಆ ಕಾದಂಬರಿಗಳಲ್ಲೊಂದನ್ನು ಓದಿ ಮುಗಿಸಿ, “ಕೆಟ್ಟ ಮನುಷ್ಯಾ ಅಲ್ರಿ ಇದನ್ನ ಬರದಾಂವ. ಹೆಣ್ಮಕ್ಕಳ ಮ್ಯಾಲ ಕಕ್ಕುಲಾತಿ ಅದ. ಆದ್ರ ಗಂಡ ಉಂಡು ಎದ್ದ ಕೂಡ್ಲೆ ಕಥಿನೂ ಅವನ ಹಿಂದ ಹೊರಗ ಬರ್ತದ. ಒಳಗ ಆಕಿ ಏನ್ ಅಂದ್ಲು ಗೊತ್ತೇ ಆಗಂಗಿಲ್ಲ,” ಅಂದಳು.

ಒಳಗೆ ಹೆಂಗಸರು ಏನು ಮಾತಾಡುತ್ತಾರೆಂದು ನಾನಾದರೂ ತಿಳಿಯೋಣ ಎಂದುಕೊಂಡೆ. ಅದೇ ವಾರ ನನ್ನ ತಂಗಿಯ ಮಗಳ ಮದುವೆಗೆಂದು ಓಣಿಯ ಹೆಂಗಸರೆಲ್ಲ ನಮ್ಮ ಅಡುಗೆಮನೆಯಲ್ಲಿ ಕೂತು ಕಡಕ್ ರೊಟ್ಟಿ ಬಡಿಯುತ್ತಿದ್ದರು. ನಗೆ ಅಂಗಳದ ತನಕ ಕೇಳುತ್ತಿತ್ತು. ನೀರಿನ ನೆಪ ಮಾಡಿ ಒಳಗೆ ಹೋದೆ. ಎಲ್ಲರೂ ಗಪ್ಪಾದರು. ಯಾರೋ ಜೋಳದ ಹಿಟ್ಟಿನ ಗುಣ ಹೇಳತೊಡಗಿದರು. ಹೊರಗೆ ಬಂದೆ, ಮತ್ತೆ ನಗೆ. ಮತ್ತೆ ನೀರಿಗೆ ಹೋದೆ. ಪಕ್ಕದ ಮನೆಯ ರಜಿಯಾಬಿ ಸುವರ್ಣಾಳಿಗೆ, “ಸರ್ ಭಾಳ ನೀರ್ ಕುಡ್ಯಾಕತ್ತಾರ ನೋಡ್ರಿ ಸುವರ್ಣಾಬಾಯಿ, ಶುಗರ್ ಚೆಕ್ ಮಾಡಸ್ರಿ,” ಅಂದಳು.

ಆ ಕಾದಂಬರಿಕಾರರ ಮೇಲೆ ಮೊದಲ ಸಲ ಮರುಕ ಹುಟ್ಟಿತು. ಅವರೂ ನೀರು ಕುಡಿದೇ ವಾಪಸಾಗಿರಬೇಕು. ಸೇಡಂನಲ್ಲಿ ಬೈಗುಳವನ್ನೆಲ್ಲ ಬದಿಗಿಟ್ಟು, ನನ್ನ ನೀರಿನ ಕಥೆ ಸಮೇತ ಅದನ್ನೇ ಹೇಳಿದೆ. ಗಂಡಸು ಒಳಗೆ ಕಾಲಿಟ್ಟರೆ ಹೆಂಗಸರು ಮಾತು ನಿಲ್ಲಿಸುತ್ತಾರೆ, ಪಾಪ, ಅವನಾದರೂ ಏನು ಬರೆಯಬೇಕು ಎಂದೆ. ಚಪ್ಪಾಳೆ ಬಿತ್ತು. ಆಗ ಆ ಕಾಲೇಜಿನ ಅಧ್ಯಾಪಕಿಯೊಬ್ಬರು ಎದ್ದು, “ಒಳಗ ಹೋಗಿ ನಿಂತಿದ್ರೇನ್ರಿ ಸರ್, ಕುಂತಿದ್ರೇನ್ರಿ? ಕುಂತು ನಾಕ್ ರೊಟ್ಟಿ ಬಡದಿದ್ರ ಮಾತಾಡ್ತಿದ್ರು,” ಅಂದರು. ಅವರಿಗೆ ಬಿದ್ದ ಚಪ್ಪಾಳೆ ನನ್ನದಕ್ಕಿಂತ ಜೋರಾಗಿತ್ತು.

ರೊಟ್ಟಿ ಕೆಲಸ ಇನ್ನೂ ಮುಗಿದಿರಲಿಲ್ಲ. ಮರುದಿನ ಹಟಕ್ಕೆ ಬಿದ್ದು ಹಿಟ್ಟಿನ ಮುಂದೆ ಕೂತೇಬಿಟ್ಟೆ. ನಾನು ಬಡಿದ ರೊಟ್ಟಿ ಅಂಚಿಗೆಲ್ಲ ಸೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಹೆಂಗಸರು ನಾನಿರುವುದನ್ನು ಮರೆತರೋ, ಮರೆತಂತೆ ಮಾಡಿದರೋ, ಮಾತಿಗಿಳಿದರು.

“ನಿಮಗ ಕಲಬುರಗಿಗೆ ಟೀಚರ್‌ಗಳಿಗೆ ಪಾಠಾ ಹೇಳ್ಲಿಕ್ಕ ಕರೆದಿದ್ರಲ್ಲಾ, ಹೋಗ್ಲಿಲ್ಲೇನ್ರಿ ಬಾಯಿ?” ರಜಿಯಾಬಿ ಕೇಳಿದಳು.

“ಹ್ಯಾಂಗ ಹೋಗ್ಲಿ? ಇವ್ರದು ಭಾಷಣ, ಮನ್ಯಾಗ ಮದುವಿ ಕೆಲಸ. ಬ್ಯಾಡ ಅಂತ ಹೇಳಿ ಕಳಿಸ್ದೆ,” ಅಂದಳು ಸುವರ್ಣಾ. “ಇವ್ರಿಗೆ ಹೇಳೇ ಇಲ್ಲ. ಆಫ್ರಿಕಾದ ಹೆಣ್ಮಕ್ಕಳ ಚಿಂತಿನೇ ಭಾಳ ಆಗಿತ್ತು, ಪಾಪ.”

ಆ ಕಾದಂಬರಿಕಾರ ಮಹಾನುಭಾವರು ಯಾಕೆ ಒಳಗೆ ಕೂರಲಿಲ್ಲವೆಂದು ಆಗ ಹೊಳೆಯಿತು. ಎದ್ದು ಹೋಗೋಣವೆಂದರೆ ಮೊಣಕೈ ತನಕ ಹಿಟ್ಟು.