ಬೀಗರ ಕೈಲಿದ್ದ ಚೆಂಡು

ನಗಬಾರದ ಜಾಗದಲ್ಲೇ ನಗು ಬರೋ ಕಾಯಿಲೆ ನನಗೆ. ಅದಕ್ಕೇ ಒಂಬತ್ತನೇ ಕ್ಲಾಸಿಗೇ ಸ್ಕೂಲು ನನ್ನ ಕೈ ಬಿಡ್ತು. ಈಗ ಮಧುಗಿರಿಯ ಮೈಕ್‌ಸೆಟ್ ಅಂಗಡಿಯಲ್ಲಿದ್ದೀನಿ. ಮದುವೆ, ತಿಥಿ, ಬ್ಯಾಸ್ಕೆಟ್‌ಬಾಲ್, ಎಲ್ಲದಕ್ಕೂ ನಂದೇ ಗಂಟಲು. ಇವುಗಳಲ್ಲಿ ಅಳು ಜಾಸ್ತಿ ಇರೋದು ನಮ್ಮೂರ ಹಿರಿಯರ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ. ಪ್ರತಿ ವರ್ಷ ನಾಕೌಟ್‌ನ ಮೊದಲ ಮ್ಯಾಚಿಗೇ ಮನೆಗೆ ವಾಪಸ್.

ಕ್ಯಾಪ್ಟನ್ನು ರಿಟೈರಾದ ಪಿ.ಟಿ. ಮೇಷ್ಟ್ರು. ತುಮಕೂರಿನ ಡಾಕ್ಟ್ರು ಅವರ ಹಾರ್ಟ್ ಆಪರೇಶನ್ನಿಗೆ ದಿನ ಕೊಟ್ಟಿದ್ರು. "ಅಷ್ಟರೊಳಗೆ ಒಂದೇ ಒಂದು ನಾಕೌಟ್ ದಾಟ್‌ಬುಡಾನ ಕಣ್ಲಾ. ಆಮೇಲೆ ಕೊಯ್ಯೋರು ಕೊಯ್ಲಿ" ಅಂದ್ರು ಮೇಷ್ಟ್ರು. ಡಾಕ್ಟ್ರು ಓಡಬೇಡಿ ಅಂದಿದ್ರಂತೆ. ನಮ್ಮ ಮೇಷ್ಟ್ರು ಎಷ್ಟೋ ವರ್ಷದಿಂದ ನಡ್ಕೊಂಡೇ ಆಡ್ತಿದ್ದಾರೆ, ಅದೇನು ದೊಡ್ಡ ಮಾತಲ್ಲ.

ಕೊರಟಗೆರೆಯ ಗೆಲುವು

ಲೀಗ್ ಮ್ಯಾಚು ಪಾವಗಡದವರ ಮೇಲೆ, ಕೊರಟಗೆರೆಯಲ್ಲಿ. ಕಾದೂ ಕಾದೂ ಸಾಕಾಯ್ತು. ಕೊನೆಗೆ ಅವರ ಕ್ಯಾಪ್ಟನ್ ಫೋನು: "ಮಿಡಿಗೇಶಿ ಹತ್ರ ಬಂಡಿ ಚೆಡಿಪೋಯಿಂದಿ ಸಾರ್, ಕೆಟ್ಟು ನಿಂತೈತೆ. ನೀವೇ ಗೆದ್ಕೊಂಡ್‌ಬುಡಿ."

ಗೆದ್ಕೊಂಡ್ವಿ. ನಾಕೌಟಿಗೆ ಬಂದ್ವಿ. ಪೂಜೆ ಮುಗಿಸಿ ತಡವಾಗಿ ಬಂದ ಅಯ್ನೋರು, ಅವರೂ ನಮ್ಮ ಟೀಮೇ, "ಆಟ ಹೆಂಗಾಯ್ತು ಮೇಷ್ಟ್ರೇ?" ಅಂದ್ರು.

ಮೇಷ್ಟ್ರು ಎದೆ ನೀವ್ಕೊಂಡು ಹೇಳಿದ್ರು: "ಆಡದೇ ಇದ್ರೆ ನಮ್ಮ ಟೀಮು ಬಲು ಸ್ಟ್ರಾಂಗು ಸ್ವಾಮಿ."

ಕುರ್ಚಿ

ನಮ್ಮ ಆರನೇ ಆಟಗಾರರು ಬೇಸಿಗೆಯಲ್ಲಿ ತೀರ್ಕೊಂಡ್ರು. ಅವರ ತಿಥಿಗೂ ಮೈಕು ನಂದೇ. ಈಗ ಪ್ರತಿ ಮ್ಯಾಚಿಗೂ, ಪ್ರಾಕ್ಟೀಸಿಗೂ ಅಂಚಿನಲ್ಲಿ ಒಂದು ಕುರ್ಚಿ ಹಾಕಿ, ಅದರ ಮೇಲೆ ಅವರ ಜರ್ಸಿ ಇಡ್ತಾರೆ.

ಒಂದಿನ ಪ್ರಾಕ್ಟೀಸಿನಲ್ಲಿ ನಾನು ಮೈಕ್ ಟೆಸ್ಟ್ ಮಾಡ್ತಿದ್ದಾಗ ಐದೂ ಜನ ಉಸಿರು ಬಿಡಕ್ಕಾಗದೆ ನಿಂತಿದ್ರು. ನನ್ನ ನಾಲಿಗೆ ಸುಮ್ನಿರಲ್ಲ. "ಈಗ ಆರನೇ ಆಟಗಾರರು ಮೈದಾನಕ್ಕೆ ಇಳೀತಿದ್ದಾರೆ!" ಅಂತ ಮೈಕಲ್ಲಿ ಕೂಗ್‌ಬುಟ್ಟೆ.

ಐದೂ ತಲೆ ಒಟ್ಟಿಗೇ ಕುರ್ಚಿ ಕಡೆ ತಿರುಗ್ತು. ಯಾರೂ ಬೈಲಿಲ್ಲ. ಅದೇ ನನಗೆ ಹೊಡೆದಂಗಾಯ್ತು.

ಅಯ್ನೋರು ಕುರ್ಚಿ ಮೇಲಿನ ಜರ್ಸಿ ಸರಿಮಾಡಿ ಅಂದ್ರು: "ಬುಡ್ಲಾ, ಬಂದಿದ್ರೂ ಅವನು ಪಾಸ್ ಕೊಡ್ತಿರ್ಲಿಲ್ಲ."

ಶಿರಾದವರು

ನಾಕೌಟು ಮಧುಗಿರಿಯಲ್ಲೇ, ಶಿರಾದವರ ಮೇಲೆ. ನಮ್ಮಲ್ಲಿ ಉದ್ದ ಇರೋರು ಬಟ್ಟೆ ಅಂಗಡಿ ಸಾವ್ಕಾರ್ರೊಬ್ರೇ. ಶಿರಾದ ಮುಖ್ಯ ಆಟಗಾರರು ಅವರ ಬೀಗರು. ಸಾವ್ಕಾರ್ರ ಮಗಳನ್ನ ಕೊಟ್ಟಿರೋ ಮನೆ. ಬೀಗರು ಚೆಂಡು ತಂದಾಗೆಲ್ಲ ಸಾವ್ಕಾರ್ರು ಪಕ್ಕಕ್ಕೆ ಸರಿದು ದಾರಿ ಬಿಡೋರು.

"ಅಡ್ಡ ಹೋಗ್ರೀ!" ಮೇಷ್ಟ್ರು ಕೂಗಿದ್ರು.

"ಬೀಗರ ಕೈಯಿಂದ ಕಿತ್ಕೊಳ್ಳೋದಾ? ನಾಳೆ ನನ್ನ ಮಗಳು ಆ ಮನೇಲಿ ಬಾಳಬೇಕು ಮೇಷ್ಟ್ರೇ!"

ಕೊನೇ ಗಳಿಗೆ. ನಾವು ಒಂದು ಪಾಯಿಂಟ್ ಹಿಂದೆ. ಬೀಗರು ನಮ್ಮ ಬುಟ್ಟಿ ಹತ್ರ ಚೆಂಡು ಕುಟ್ಕೊಂಡು ಟೈಮ್ ಕಳೀತಿದ್ರು. ಮೇಷ್ಟ್ರು ವಾಪಸ್ ನಡೆದು ಬರಲಾರದೆ ಶಿರಾದವರ ಬುಟ್ಟಿ ಕೆಳಗೇ ಬಗ್ಗಿ ನಿಂತಿದ್ರು, ಮುಖ ಬೂದಿ ಬಣ್ಣ. ಇವರಿಗೆ ಇನ್ನೊಂದು ವರ್ಷ ಇಲ್ಲ ಅನ್ನಿಸ್ತು. ಮೈಕ್ ಎತ್ತಿದೆ: "ಶಿರಾದ ಬೀಗರು ಊಟಕ್ಕೆ ಏಳಬೇಕು. ಎಲೆ ಹಾಕಿದೆ!"

ಮೊದಲ ಕರೆಗೇ ಎದ್ದರೆ ಅವರೆಂಥ ಬೀಗರು? "ಇರ್ಲಿ ಇರ್ಲಿ, ಆಮೇಲೆ" ಅಂತ ಎರಡೂ ಕೈ ಎತ್ತಿ ಬಿಂಕ ಮಾಡಿದ್ರು. ಚೆಂಡು ಉರುಳ್ತು. ಅಯ್ನೋರು ಎತ್ತಿ ಮೇಷ್ಟ್ರ ಕಡೆ ಬೀಸಿದ್ರು. ಮೇಷ್ಟ್ರು ನಿಂತಲ್ಲಿಂದಲೇ ಹಾಕಿದ್ರು. ಒಂದು ಪಾಯಿಂಟಿಂದ ಗೆದ್ವಿ!

"ಧೋಖಾ!" ಅಂತ ಶಿರಾದವರು ಕೂಗಿದ್ರು. ರೆಫ್ರಿ ನನ್ನ ಮೈಕ್ ಕಿತ್ಕೊಂಡ್ರು. ಸಾವ್ಕಾರ್ರು ಓಡಿ ಬಂದು ನನ್ನ ಕತ್ತಿನ ಪಟ್ಟಿ ಹಿಡಿದ್ರು: "ಲೇ, ಬೀಗರು ಕೈ ತೊಳೀತಾವ್ರೆ. ಎಲೆ ಎಲ್ಲಿ ಹಾಕಿದ್ದೀಯೋ?"

ತುಮಕೂರು

ಇವತ್ತು ಮೇಷ್ಟ್ರ ಆಪರೇಶನ್ನು. ಸೆಮಿಫೈನಲ್ ಭಾನುವಾರ. ನಾವು ಬಾಗಿಲ ಹೊರಗೆ ಕೂತಿದ್ದೀವಿ. ಸಾವ್ಕಾರ್ರು ಗೋಡೆ ನೋಡ್ತಿದ್ದಾರೆ, ಅಯ್ನೋರ ತುಟಿ ಆಡ್ತಾನೇ ಇದೆ. ಪಕ್ಕದ ಖಾಲಿ ಕುರ್ಚಿ ಮೇಲೆ ಯಾರೂ ಏನೂ ಇಡ್ತಿಲ್ಲ.

ಒಳಗೆ ಕರ್ಕೊಂಡು ಹೋಗೋ ಮುಂಚೆ ಮೇಷ್ಟ್ರು ಡಾಕ್ಟ್ರನ್ನ ಕೇಳಿದ್ರು: "ನಿಜ ಹೇಳಿ ಸಾರ್, ಚಾನ್ಸ್ ಎಷ್ಟಿದೆ?"

ಡಾಕ್ಟ್ರು ತಲೆ ತಗ್ಗಿಸಿ, "ಫಿಫ್ಟಿ ಫಿಫ್ಟಿ" ಅಂದ್ರು.

ಮೇಷ್ಟ್ರ ಮುಖ ಅರಳ್ತು. ನಮ್ಮ ಕಡೆ ತಿರುಗಿ ಕೂಗಿದ್ರು: "ಕೇಳಿಸ್ಕೊಂಡ್ರೇನ್ರೋ? ನಮ್ಮ ಟೀಮಿಗೆ ಇಷ್ಟು ಚಾನ್ಸು ಯಾವನೂ ಕೊಟ್ಟಿರ್ಲಿಲ್ಲ!"